ಗ್ರಹಣ, ಕಬ್ಬು ಮತ್ತು ಹನ್ನೆರಡು ನಾಟಿ ಮೊಟ್ಟೆ

ರಂಜಾನ್ ತಿಂಗಳಲ್ಲಿ ನಮ್ಮ ಕಾಲೇಜಿನ ಅರ್ಧ ಜನ ಸಂಜೆ ಹೊತ್ತು ಶಿವಾಜಿನಗರದಲ್ಲೇ ಇರ್ತಾರೆ. ಮುಂದಿನ ಸಲ ರಸೆಲ್ ಮಾರ್ಕೆಟ್ ಕಡೆ ನಿಂತು ಚಿಕನ್ ವಿಂಗ್ಸ್ ತಿನ್ನುವಾಗ ಒಂದು ಕೆಲಸ ಮಾಡಿ. ಮೂಳೆಗಳನ್ನು ಎಸೆಯದೆ ತಟ್ಟೆಯಲ್ಲಿ ಸಾಲಾಗಿ ಜೋಡಿಸಿ. ಭುಜದ ಕಡೆ ಒಂದೇ ಮೂಳೆ. ಅದಾದ ಮೇಲೆ ಜೋಡಿ ಮೂಳೆ, ಒಂದು ದಪ್ಪ, ಒಂದು ಸಣ್ಣ. ಆಮೇಲೆ ಮಣಿಕಟ್ಟಿನ ಚೂರುಗಳು. ಕೊನೆಗೆ, ಯಾರೂ ಸರಿಯಾಗಿ ತಿನ್ನದೆ ಬಿಡುವ ಆ ಚೂಪು ತುದಿಯಲ್ಲಿ, ಮೂರು ಬೆರಳು. ಈಗ ನಿಮ್ಮ ಕೈಯನ್ನೇ ಮುಟ್ಟಿ ನೋಡ್ಕೊಳ್ಳಿ. ಒಂದು, ಎರಡು, ಚೂರುಗಳು, ಬೆರಳು. ಅದೇ ಡಿಸೈನ್.

ಈ ಡಿಸೈನ್ ಎಲ್ಲಿ ಬರೆದಿದೆ ಅನ್ನೋದು ಅಷ್ಟು ಸುಲಭದ ಪ್ರಶ್ನೆ ಅಲ್ಲ. ಡಿಎನ್‌ಎ ಅಂತ ಉತ್ತರ ಕೊಟ್ಟು ಎದ್ದು ಹೋಗಬಹುದು. ಆದರೆ ಭುಜದ ಜೀವಕೋಶದಲ್ಲೂ ಬೆರಳಿನ ಜೀವಕೋಶದಲ್ಲೂ ಇರೋದು ಅದೇ ಡಿಎನ್‌ಎ. ಹಾಗಿದ್ರೆ "ನೀನು ಬೆರಳಾಗು, ನೀನು ಮೊಣಕೈ ಆಗು" ಅಂತ ಹೇಳೋರು ಯಾರು? ನಾಲ್ಕನೇ ಸೆಮ್‌ನ ಬಯಾಲಜಿ ಫಾರ್ ಇಂಜಿನಿಯರ್ಸ್‌ನಲ್ಲಿ ಮೆದುಳು ಸಿಪಿಯು, ಕಣ್ಣು ಕ್ಯಾಮೆರಾ, ಹೃದಯ ಪಂಪು ಅಂತೆಲ್ಲ ಇದೆ. ಪಂಪು ತನ್ನಷ್ಟಕ್ಕೆ ತಾನೇ ಹೇಗೆ ಬೆಳೀತು ಅಂತ ಮಾತ್ರ ಎಲ್ಲೂ ಇಲ್ಲ. ನನಗೆ ಬೇಕಿದ್ದದ್ದು ಅದೇ ಆಗಿತ್ತು.

ಯಾಕೆ ಬೇಕಿತ್ತು ಅಂದ್ರೆ, ನನ್ನ ತಂಗಿಯ ಎಡಗೈಯಲ್ಲಿ ಹೆಬ್ಬೆರಳು ಮಾತ್ರ ಪೂರ್ತಿ ಇದೆ. ಉಳಿದ ನಾಲ್ಕು ಬೆರಳಿನ ಜಾಗದಲ್ಲಿ ನಾಲ್ಕು ಪುಟ್ಟ ಗುಬುಟುಗಳು, ಕಡಲೆಕಾಳಿನಷ್ಟು. ಈ ಸಲ ಅವಳು ಎಸ್ಸೆಸ್ಸೆಲ್ಸಿ. ಶೂಲೇಸ್ ನನಗಿಂತ ಫಾಸ್ಟಾಗಿ ಕಟ್ತಾಳೆ. ಅವಳಿಗೆ ಇದು ದೊಡ್ಡ ವಿಷಯ ಅಲ್ಲ. ದೊಡ್ಡ ವಿಷಯ ಆಗಿರೋದು ಅಮ್ಮನಿಗೆ. 2010ರ ಜನವರಿ 15, ಸಂಕ್ರಾಂತಿಯ ಮಾರನೇ ದಿನ, ಅಮಾವಾಸ್ಯೆ, ಸೂರ್ಯಗ್ರಹಣ. ಕನ್ಯಾಕುಮಾರಿ, ರಾಮೇಶ್ವರದಲ್ಲಿ ಕಂಕಣ ಗ್ರಹಣ, ಬೆಂಗಳೂರಿನಲ್ಲಿ ಪಾರ್ಶ್ವ. ಅವತ್ತು ಮಧ್ಯಾಹ್ನ ಅಮ್ಮ ಅಡುಗೆಮನೆಯಲ್ಲಿ ಕೂತು, ಹಬ್ಬದಲ್ಲಿ ಉಳಿದಿದ್ದ ಕಬ್ಬನ್ನು ಕತ್ತರಿಸಿ ತುಂಡು ಮಾಡಿದಳಂತೆ. ಎರಡು ತಿಂಗಳಾದ ಮೇಲೆ ತಂಗಿ ಹುಟ್ಟಿದಳು. ಕೈ ನೋಡಿದ ತಕ್ಷಣ ಮನೆಯಲ್ಲಿ ಯಾರೋ ಹಿರಿಯರು ಅಂದ್ರಂತೆ: "ಗ್ರಹಣದಲ್ಲಿ ಕತ್ತಿ ಹಿಡಿದೆ, ನೋಡು." ಅಷ್ಟೇ. ಹದಿನಾರು ವರ್ಷ ಆಯ್ತು, ನಮ್ಮನೆಗೆ ಕಬ್ಬು ಬರಲ್ಲ. ಸಂಕ್ರಾಂತಿಗೆ ಎಳ್ಳು ಬೆಲ್ಲ ಬೀರುವಾಗ ಬೇರೆಯವರು ಕೊಟ್ಟ ಕಬ್ಬಿನ ತುಂಡನ್ನೂ ಅಮ್ಮ ಹೊರಗಡೆ ಹಸುವಿಗೆ ಹಾಕಿ ಬರ್ತಾಳೆ.

(ಇದನ್ನೆಲ್ಲ ಬರೆಯೋಕೆ ತಂಗಿಯ ಪರ್ಮಿಶನ್ ಇದೆ. ಒಂದು ಪ್ಯಾರಾ ಹೊಡೆದು ಹಾಕಿದ್ದಾಳೆ. ಅದು ಸೆಂಟಿಮೆಂಟಲ್ ಆಗಿತ್ತಂತೆ.)

ಹೋದ ಸೆಪ್ಟೆಂಬರ್‌ನಲ್ಲಿ ನಮ್ಮ ಟೀಮಿನ ಮಿನಿ ಪ್ರಾಜೆಕ್ಟ್ ಮೊಟ್ಟೆ ಇನ್‌ಕ್ಯುಬೇಟರ್. ನಗಬೇಡಿ, ಪ್ರತಿ ಬ್ಯಾಚಲ್ಲೂ ಯಾರೋ ಒಬ್ರು ಇದನ್ನ ಮಾಡೇ ಮಾಡ್ತಾರೆ. ಥರ್ಮಾಕೋಲ್ ಬಾಕ್ಸ್, ಬಲ್ಬು, ರಿಲೇ, ಆರ್ಡುಯಿನೊ, ಒಂದು ಡಿಎಚ್‌ಟಿ22 ಸೆನ್ಸರ್, ಮೊಟ್ಟೆ ತಿರುಗಿಸೋಕೆ ಒಂದು ಸರ್ವೋ. ಲ್ಯಾಬಲ್ಲಿ ರಾತ್ರಿ ಇಡೋಕೆ ಬಿಡಲ್ಲ ಅಂತ ಕೆ.ಆರ್. ಪುರದ ನಮ್ಮನೆ ಹಾಲ್‌ನಲ್ಲೇ ಇಟ್ವಿ. ಅಂಗಡಿಯ ಫಾರ್ಮ್ ಮೊಟ್ಟೆಯಲ್ಲಿ ಹುಂಜದ ಪಾತ್ರವೇ ಇರಲ್ಲ, ಮರಿ ಆಗೋದಿಲ್ಲ. ಹಾಗಾಗಿ ಕೆ.ಆರ್. ಪುರ ಸಂತೆಯಿಂದ ಹನ್ನೆರಡು ನಾಟಿ ಮೊಟ್ಟೆ ತಂದೆ. ಸೆಪ್ಟೆಂಬರ್ 3ರ ಸಂಜೆ ಸ್ವಿಚ್ ಆನ್. 37.5 ಡಿಗ್ರಿ, 21 ದಿನ.

ಈ 21 ದಿನದಲ್ಲಿ ಯಾವ ದಿನ ಏನಾಗುತ್ತೆ ಅಂತ ಗೂಗಲ್ ಮಾಡ್ತಾ ಹೋದಾಗ ಸಿಕ್ಕಿದ್ದೇ ರೆಕ್ಕೆಯ ಕಥೆ. ಹ್ಯಾಂಬರ್ಗರ್ ಮತ್ತು ಹ್ಯಾಮಿಲ್ಟನ್ ಅನ್ನೋ ಇಬ್ಬರು 1951ರಲ್ಲಿ ಕೋಳಿ ಭ್ರೂಣದ ಬೆಳವಣಿಗೆಯನ್ನು 46 ಹಂತಗಳಾಗಿ ವಿಂಗಡಿಸಿದ್ರು. ಇವತ್ತಿಗೂ ಎಲ್ಲ ಲ್ಯಾಬುಗಳಲ್ಲೂ ಅದೇ ಟೈಮ್‌ಟೇಬಲ್. ಮೂರನೇ ದಿನದ ಹೊತ್ತಿಗೆ ಭ್ರೂಣದ ಪಕ್ಕದಲ್ಲಿ ನಾಲ್ಕು ಉಬ್ಬುಗಳು ಕಾಣಿಸ್ತವೆ. ಎರಡು ರೆಕ್ಕೆಗೆ, ಎರಡು ಕಾಲಿಗೆ. ಇದನ್ನ ಮೊಗ್ಗು ಅಂತ ಕರೀತಾರೆ, ಸರಿಯಾದ ಹೆಸರೇ. ಒಳಗೆ ಮೂಳೆ ಇಲ್ಲ, ಬೆರಳಿಲ್ಲ, ಏನೂ ಇಲ್ಲ. ಒಂದು ಚರ್ಮದ ಚೀಲ, ಅದರೊಳಗೆ ನೋಡೋಕೆ ಒಂದೇ ಥರ ಇರೋ ಜೀವಕೋಶಗಳ ರಾಶಿ.

ಮೊಗ್ಗಿನ ತುದಿಯ ಚರ್ಮ ಮಾತ್ರ ಸ್ವಲ್ಪ ದಪ್ಪ, ಕರ್ಜಿಕಾಯಿಯ ಅಂಚು ಒತ್ತಿದ ಹಾಗೆ ಒಂದು ಏಣು. 1948ರಲ್ಲಿ ಜಾನ್ ಸಾಂಡರ್ಸ್ ಅನ್ನೋ ಅಮೆರಿಕನ್ ವಿಜ್ಞಾನಿ ಮೊಟ್ಟೆಗೆ ಕಿಟಕಿ ಕೊರೆದು, ಸೂಕ್ಷ್ಮವಾಗಿ ಆ ಅಂಚನ್ನಷ್ಟೇ ತೆಗೆದರು. ರೆಕ್ಕೆ ಅರ್ಧಕ್ಕೇ ನಿಂತಿತು. ಬಹಳ ಬೇಗ ತೆಗೆದರೆ ಭುಜದ ಹತ್ತಿರಕ್ಕೇ ಮುಗಿತು. ಸ್ವಲ್ಪ ತಡವಾಗಿ ತೆಗೆದರೆ ಮೊಣಕೈವರೆಗೂ ಬಂತು. ಇನ್ನೂ ತಡವಾಗಿ ತೆಗೆದರೆ ಎಲ್ಲ ಸರಿಯಾಗಿದ್ದು ಬೆರಳು ಮಾತ್ರ ಇಲ್ಲ. ಅಂದ್ರೆ ಕೈ ಭುಜದಿಂದ ಬೆರಳಿನ ಕಡೆಗೆ ಬರೆದುಕೊಂಡು ಹೋಗುತ್ತೆ. ಯಾವಾಗ ನಿಂತಿತೋ ಅಲ್ಲಿಗೆ ವಾಕ್ಯ ಅರ್ಧ. ಇದನ್ನ ಓದಿದ ರಾತ್ರಿ ನಾನು ತಂಗಿಯ ಕೈಯನ್ನ ಮೊದಲ ಸಲ ಬೇರೆ ಥರ ನೋಡಿದೆ. ಅಲ್ಲಿ ಏನೋ ಕತ್ತರಿಸಿ ಹೋಗಿದೆ ಅಂತ ಅನಿಸಲಿಲ್ಲ. ಕೊನೆಯ ಪದಕ್ಕೆ ಬರೋ ಮುಂಚೆ ಪೆನ್ನು ನಿಂತಿದೆ ಅನಿಸ್ತು.

ಉದ್ದ ಹೀಗೆ. ಇನ್ನು ಹೆಬ್ಬೆರಳು ಯಾವ ಕಡೆ, ಕಿರುಬೆರಳು ಯಾವ ಕಡೆ? ಇದು ನನ್ನ ಫೇವರಿಟ್ ಭಾಗ. 1968ರಲ್ಲಿ ಅದೇ ಸಾಂಡರ್ಸ್, ಮೇರಿ ಗ್ಯಾಸೆಲಿಂಗ್ ಜೊತೆ ಸೇರಿ, ಮೊಗ್ಗಿನ ಹಿಂಭಾಗದ, ಅಂದ್ರೆ ಕಿರುಬೆರಳು ಬರಬೇಕಾದ ಕಡೆಯ, ಒಂದು ಚೂರನ್ನು ತೆಗೆದು ಇನ್ನೊಂದು ಮೊಗ್ಗಿನ ಹೆಬ್ಬೆರಳ ಕಡೆಗೆ ಅಂಟಿಸಿದ ಪ್ರಯೋಗ ಪ್ರಕಟಿಸಿದರು. ಮೂರು ಬೆರಳಿನ ರೆಕ್ಕೆಯಲ್ಲಿ ಆರು ಬೆರಳು ಬಂದವು. ಅದೂ ಹೇಗೆ ಬೇಕೋ ಹಾಗಲ್ಲ, ಕನ್ನಡಿಯಲ್ಲಿ ನೋಡಿದ ಹಾಗೆ ಎದುರುಬದುರಾಗಿ. ಆ ಚೂರು ಬೆರಳಾಗಿ ಬದಲಾಗಲಿಲ್ಲ. ಪಕ್ಕದವರಿಗೆ ಏನೋ ಸುದ್ದಿ ಕಳಿಸ್ತು, ಅವರು ಬೆರಳಾದರು.

ಆ ಸುದ್ದಿ ಏನು ಅಂತ ಲೆಕ್ಕ ಹಾಕಿದವರು ಲೂಯಿಸ್ ವೋಲ್ಪರ್ಟ್. ನಮ್ಮ ಸಿವಿಲ್ ಬ್ರಾಂಚಿನವರು ಕಾಲರ್ ಮೇಲೆತ್ಕೊಳ್ಳಿ, ಈ ಮನುಷ್ಯ ದಕ್ಷಿಣ ಆಫ್ರಿಕಾದಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿ, ಸಾಯಿಲ್ ಮೆಕ್ಯಾನಿಕ್ಸ್ ಮಾಡ್ತಾ ಇದ್ದವರು. ಆಮೇಲೆ ಲಂಡನ್‌ಗೆ ಹೋಗಿ ಜೀವಕೋಶದ ಮೆಕ್ಯಾನಿಕ್ಸ್‌ಗೆ ಬಿದ್ದರು. 1969ರಲ್ಲಿ ಅವರು ಹೇಳಿದ್ದು ಇಷ್ಟು: ಒಂದು ಮೂಲೆಯಿಂದ ಒಂದು ರಾಸಾಯನಿಕ ಹರಡುತ್ತೆ. ಮೂಲದ ಹತ್ತಿರ ಜಾಸ್ತಿ, ದೂರ ಹೋದಂತೆ ಕಮ್ಮಿ. ಪ್ರತಿ ಜೀವಕೋಶ ತನ್ನ ಜಾಗದಲ್ಲಿ ಎಷ್ಟಿದೆ ಅಂತ ಅಳೆದು, ಅದರ ಮೇಲೆ ತಾನು ಏನಾಗಬೇಕು ಅಂತ ತೀರ್ಮಾನ ಮಾಡುತ್ತೆ. ಇಸಿ ಭಾಷೆಯಲ್ಲಿ ಹೇಳೋದಾದ್ರೆ ಒಂದು ಅನಲಾಗ್ ಸಿಗ್ನಲ್, ಎರಡು ಮೂರು ಥ್ರೆಶೋಲ್ಡ್, ಪ್ರತಿ ಜೀವಕೋಶದೊಳಗೆ ಒಂದು ಕಂಪ್ಯಾರೇಟರ್. ಚೆರಿಲ್ ಟಿಕಲ್ ಇದನ್ನ ಪರೀಕ್ಷೆ ಮಾಡಿದರು. ಅಂಟಿಸಿದ ಜೀವಕೋಶಗಳು ಕಮ್ಮಿ ಇದ್ರೆ ಹೆಚ್ಚುವರಿಯಾಗಿ ಹೆಬ್ಬೆರಳ ಕಡೆಯ ಬೆರಳು ಮಾತ್ರ ಬರುತ್ತೆ. ಜಾಸ್ತಿ ಇದ್ರೆ ಕಿರುಬೆರಳ ಕಡೆಯದೂ ಬರುತ್ತೆ. 1993ರಲ್ಲಿ ಕ್ಲಿಫ್ ಟ್ಯಾಬಿನ್ ಲ್ಯಾಬ್‌ನವರು ಆ ಸುದ್ದಿ ಹೊತ್ತ ಪ್ರೋಟೀನನ್ನೇ ಹಿಡಿದರು. ಹೆಸರು ಸಾನಿಕ್ ಹೆಜ್‌ಹಾಗ್. ಹೌದು, ಸೆಗಾ ಗೇಮ್‌ನ ಆ ನೀಲಿ ಸಾನಿಕ್ಕೇ.

ಇನ್ನೊಂದು ವಿಷಯ. ತುದಿಯ ಅಂಚಿನಿಂದ ಎಫ್‌ಜಿಎಫ್ ಅನ್ನೋ ಪ್ರೋಟೀನುಗಳು ಬರ್ತವೆ. ಅವು ಇದ್ದರೇನೇ ಹಿಂಭಾಗದ ಸಾನಿಕ್ ಮುಂದುವರಿಯುತ್ತೆ. ಸಾನಿಕ್ ಇದ್ದರೇನೇ ಅಂಚು ಉಳಿಯುತ್ತೆ. ಪಕ್ಕಾ ಪಾಸಿಟಿವ್ ಫೀಡ್‌ಬ್ಯಾಕ್ ಲೂಪ್. ಎಲ್ಲಾದರೂ ಒಂದು ಕಡೆ ಸಿಗ್ನಲ್ ಬಿದ್ದರೆ ಎರಡೂ ಬೀಳ್ತವೆ. ಇಷ್ಟು ಸೂಕ್ಷ್ಮವಾದ ಸರ್ಕ್ಯೂಟ್, ಯಾವ ಕ್ವಾಲಿಟಿ ಚೆಕ್ಕೂ ಇಲ್ಲದೆ, ದಿನಾ ಲಕ್ಷಾಂತರ ಕೈಗಳನ್ನ ಸರಿಯಾಗೇ ಮಾಡ್ತಾ ಇದೆ ಅನ್ನೋದೇ ಆಶ್ಚರ್ಯ.

ಸೆಪ್ಟೆಂಬರ್ 7, ಭಾನುವಾರ. ನಮ್ಮ ಮೊಟ್ಟೆಗಳಿಗೆ ನಾಲ್ಕು ದಿನ ತುಂಬಿತ್ತು. ಅದೇ ರಾತ್ರಿ ಪೂರ್ಣ ಚಂದ್ರಗ್ರಹಣ, ಹತ್ತು ಗಂಟೆ ಹೊತ್ತಿಗೆ ಶುರು. ಹಲಸೂರಿನಿಂದ ನಮ್ಮ ಅಕ್ಕ, ಅಂದ್ರೆ ದೊಡ್ಡಮ್ಮನ ಮಗಳು, ಐದು ತಿಂಗಳ ಬಸುರಿ, ನಮ್ಮನೆಗೆ ಬಂದಿದ್ದಳು. ಸಂಜೆಗೇ ಊಟ ಮಾಡಿಸಿ ಅವಳನ್ನ ಒಳಗಿನ ರೂಮಲ್ಲಿ ಕೂರಿಸಿ, ಕಿಟಕಿಗೆ ಬೆಡ್‌ಶೀಟ್ ಕಟ್ಟಿ, ಹಾಲು ಮೊಸರಿಗೆ ದರ್ಬೆ ಹಾಕಿ ಆಯ್ತು. ಅಕ್ಕ ಸ್ವಲ್ಪ ಗೊಣಗಿದಳು. ಆಗ ಅಮ್ಮ ಕಬ್ಬಿನ ಕಥೆ ಹೇಳಿದಳು, ಪೂರ್ತಿ. "ನನಗೆ ಆದದ್ದು ನಿನಗೆ ಆಗಬಾರದು ಕಣೇ" ಅಂದಳು. ತಂಗಿ ಅಲ್ಲೇ ಹಾಲ್‌ನಲ್ಲಿ ಮ್ಯಾಥ್ಸ್ ಮಾಡ್ತಾ ಕೂತಿದ್ದಳು. ಪೆನ್ ನಿಲ್ಲಿಸಲಿಲ್ಲ.

ಹತ್ತೂವರೆಗೆ ಅವಳೇ ಎದ್ದು ಬಂದು ಇನ್‌ಕ್ಯುಬೇಟರ್ ಮುಂದೆ ಕೂತಳು. ಲೈಟ್ ಆಫ್ ಮಾಡಿ ಮೊಬೈಲ್ ಟಾರ್ಚ್ ಮೇಲೆ ಒಂದೊಂದೇ ಮೊಟ್ಟೆ ಇಟ್ಟು ನೋಡಿದ್ವಿ. ಮೂರರಲ್ಲಿ ಏನೂ ಇಲ್ಲ, ಬರೀ ಹಳದಿ. ಒಂಬತ್ತರಲ್ಲಿ ಜೇಡರ ಬಲೆ ಥರ ಕೆಂಪು ನರಗಳು, ನಡುವೆ ಒಂದು ಕಪ್ಪು ಚುಕ್ಕೆ. ಅದು ಕಣ್ಣು. ಟಾರ್ಚ್‌ನಲ್ಲಿ ರೆಕ್ಕೆ ಕಾಣಲ್ಲ, ಆದರೆ ನನಗೆ ಗೊತ್ತಿತ್ತು: ಸಾನಿಕ್ ಕೆಲಸ ಮಾಡೋ ಗಂಟೆಗಳು ಇವೇ. ಅವಳಿಗೆ ಹೇಳಿದೆ. "ಹಂಗಾದ್ರೆ ಇವಕ್ಕೂ ದರ್ಬೆ ಹಾಕ್ಬೇಕಿತ್ತು ಅಲ್ವಾ" ಅಂದಳು. ನಕ್ಕಳಾ ಇಲ್ವಾ, ಕತ್ತಲಲ್ಲಿ ಗೊತ್ತಾಗಲಿಲ್ಲ.

ಒಂದು ಮೊಟ್ಟೆ ಎಂಟನೇ ದಿನ ನಿಂತುಹೋಯ್ತು, ನರಗಳು ಮಸುಕಾದವು. ಟೀಮ್‌ಮೇಟ್ ಒಬ್ಬ ಅದನ್ನ ಒಡೆದು ನೋಡೋಣ ಅಂದ. ಬೆರಳ ತುದಿಯಷ್ಟು ದೊಡ್ಡ ಜೀವ. ಕಣ್ಣೇ ಅರ್ಧ ಮುಖ. ಆದರೆ ರೆಕ್ಕೆಯಲ್ಲಿ ಮೊಣಕೈ ಬಾಗಿತ್ತು, ತುದಿಯಲ್ಲಿ ಬೆರಳಿನ ಗೆರೆಗಳು ಬಂದಾಗಿತ್ತು. ಪುಕ್ಕ ಇನ್ನೂ ಇಲ್ಲ, ಹುಟ್ಟೋಕೆ ಇನ್ನೂ ಹದಿಮೂರು ದಿನ ಇದೆ, ಆದರೆ ರೆಕ್ಕೆಯ ಪ್ಲಾನ್ ಮುಗಿದಿದೆ. ಉಳಿದ ದಿನವೆಲ್ಲ ಬರೀ ದೊಡ್ಡದಾಗೋದು. ಅವತ್ತು ರಾತ್ರಿನೇ ನಾನು ಲೆಕ್ಕಕ್ಕೆ ಕೂತದ್ದು.

ಮನುಷ್ಯರಲ್ಲಿ ಗರ್ಭ ಕಟ್ಟಿದ ಸುಮಾರು 26ನೇ ದಿನ ಕೈಯ ಮೊಗ್ಗು ಕಾಣಿಸುತ್ತೆ. ಐದು ವಾರದ ಹೊತ್ತಿಗೆ ಚಪ್ಪಟೆ ಹಸ್ತ. 56ನೇ ದಿನಕ್ಕೆ ಬೆರಳುಗಳು ಬಿಡಿಬಿಡಿ. ಡಾಕ್ಟರುಗಳು ಕೊನೆಯ ಮುಟ್ಟಿನಿಂದ ಎಣಿಸ್ತಾರೆ, ಹಾಗಾಗಿ ಅವರ ಲೆಕ್ಕಕ್ಕೆ ಎರಡು ವಾರ ಸೇರಿಸ್ಕೊಳ್ಳಿ. ತಂಗಿ ಹುಟ್ಟಿದ್ದು 2010ರ ಮಾರ್ಚ್ 22, ತಿಂಗಳು ತುಂಬಿ. 266 ದಿನ ಹಿಂದಕ್ಕೆ ಹೋದ್ರೆ 2009ರ ಜೂನ್ 29. ಒಂದು ವಾರ ಆಚೆ ಈಚೆ ಇರಲಿ. 56ನೇ ದಿನ ಅಂದ್ರೆ ಆಗಸ್ಟ್ 24. ಆ ವರ್ಷ ಗಣೇಶ ಹಬ್ಬ 23ಕ್ಕೆ. ಗಣೇಶನನ್ನ ಕೂರಿಸೋ ಹೊತ್ತಿಗೆ ಅವಳ ಕೈ ಹೇಗಿರಬೇಕೋ ಹಾಗೆ ಆಗಿ ಮುಗಿದಿತ್ತು. ಕಬ್ಬು ಕತ್ತರಿಸಿದ್ದು 200ನೇ ದಿನ.

ಬೆಳೆದ ಬೆರಳು ಆಮೇಲೆ ಕತ್ತರಿಸಿಹೋಗೋ ಒಂದು ಸಂದರ್ಭ ಇದೆ. ಗರ್ಭಕೋಶದೊಳಗಿನ ಪೊರೆಯ ಎಳೆಗಳು ಬೆರಳಿಗೆ ದಾರದ ಹಾಗೆ ಸುತ್ತಿಕೊಂಡು ಹಾಗಾಗಬಹುದು. ಆದರೆ ತಂಗಿಯ ಆ ಗುಬುಟುಗಳ ಮೇಲೆ ಉಗುರಿದೆ. ಎಳ್ಳಿನಷ್ಟು, ನಾಲ್ಕಕ್ಕೆ ನಾಲ್ಕು. ಕತ್ತರಿಸಿಹೋದ ಬೆರಳಿನ ಮೋಟಿಗೆ ಉಗುರು ಇರಲ್ಲ. ಅವಳಿಗೆ ಎರಡು ವರ್ಷ ಇದ್ದಾಗ ಇಂದಿರಾನಗರದಲ್ಲಿ ಒಬ್ಬ ಕೈ ಸರ್ಜನ್ ಫೈಲಲ್ಲಿ ಸಿಂಬ್ರಾಕಿಡ್ಯಾಕ್ಟಿಲಿ ಅಂತ ಬರೆದಿದ್ದರು. ಸಾಮಾನ್ಯವಾಗಿ ಒಂದೇ ಕೈಗೆ ಆಗುತ್ತೆ, ವಂಶದಲ್ಲಿ ಬೇರೆ ಯಾರಿಗೂ ಇರಲ್ಲ, ಬೆಳವಣಿಗೆಯೇ ಬೇಗ ನಿಂತದ್ದು. ಫೈಲ್ ಹದಿನಾಲ್ಕು ವರ್ಷದಿಂದ ಬೀರುವಿನಲ್ಲಿದೆ.

ಲೆಕ್ಕ ಮಾಡುವಾಗ ಇನ್ನೊಂದು ಸಿಕ್ತು. ಇದನ್ನ ಬಿಟ್ಟುಬಿಟ್ಟಿದ್ರೆ ನನ್ನ ವಾದ ನೀಟಾಗಿರ್ತಿತ್ತು. 2009ರ ಜುಲೈ 22ಕ್ಕೂ ಸೂರ್ಯಗ್ರಹಣ ಇತ್ತು, ಸೂರತ್, ವಾರಣಾಸಿ, ಪಟ್ನಾ ಮೇಲೆ ಹಾದುಹೋದ ದೊಡ್ಡ ಖಗ್ರಾಸ. ಬೆಂಗಳೂರಲ್ಲಿ ಬೆಳಗ್ಗೆ ಬೆಳಗ್ಗೆ ಪಾರ್ಶ್ವ. ನನ್ನ ಲೆಕ್ಕದಲ್ಲಿ ಅದು 23ನೇ ದಿನ, ಮೊಗ್ಗು ಮೂಡೋ ಹೊಸ್ತಿಲಲ್ಲೇ. ಗ್ರಹಣವನ್ನೇ ಬೈಬೇಕು ಅಂದ್ರೆ ಅದನ್ನ ಬೈಬೇಕಿತ್ತು. ಯಾರೂ ಬೈಲಿಲ್ಲ. ಯಾಕಂದ್ರೆ ಆಗ ಅಮ್ಮನಿಗೇ ಬಸಿರು ಅಂತ ಗ್ಯಾರಂಟಿ ಇರಲಿಲ್ಲ, ಕೈಯಲ್ಲಿ ಕತ್ತಿ ಇದ್ದದ್ದನ್ನ ಯಾರೂ ನೋಡಿರಲಿಲ್ಲ. ಡೇಟಾ ಬಂದ ಮೇಲೆ ಅದಕ್ಕೆ ಹೊಂದೋ ಕರ್ವ್ ಎಳೆಯೋದು ಅಂದ್ರೆ ಇದೇ. ಆ ಬೆಳಗ್ಗೆ ಈ ಊರಲ್ಲಿ ಅದೇ ವಾರದಲ್ಲಿದ್ದ ಬಸುರಿಯರು ಎಷ್ಟು ಜನ ಇದ್ದಿರಬಹುದು ಅಂತ ಯೋಚಿಸಿ. ಅವರ ಮಕ್ಕಳೆಲ್ಲ ಈಗ ಹತ್ತು ಬೆರಳಲ್ಲಿ ಎಸ್ಸೆಸ್ಸೆಲ್ಸಿ ಬರೀತಿದ್ದಾರೆ.

ಕೈಯನ್ನ ನಿಜವಾಗಿ ಹಾಳುಮಾಡೋ ವಸ್ತುಗಳು ಇವೆ, ಮತ್ತು ಅವುಗಳಿಗೂ ಗಡಿಯಾರ ಇದೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದ ಥಾಲಿಡೊಮೈಡ್ ಮಾತ್ರೆಯನ್ನ ಬಸುರಿನ ವಾಂತಿಗೆ ಅಂತ ಕೊಟ್ಟರು. 1961ರಲ್ಲಿ ವಾಪಸ್ ತೆಗೆಯೋ ಹೊತ್ತಿಗೆ ಹಲವು ದೇಶಗಳಲ್ಲಿ ಸೇರಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲು ಮೊಟಕಾಗಿಯೋ ಬೇರೆ ತೊಂದರೆಗಳೊಂದಿಗೋ ಹುಟ್ಟಿದ್ದರು. ಅಪಾಯ ಇದ್ದದ್ದು ಸುಮಾರು 20ರಿಂದ 36ನೇ ದಿನದ ನಡುವೆ ತಿಂದವರಿಗೆ. ಹೊಸ ರಕ್ತನಾಳಗಳನ್ನ ಅದು ಹೇಗೆ ಕೆಡಿಸುತ್ತೆ ಅಂತ 2009ರಲ್ಲಿ ತೋರಿಸಿದ್ದೂ ಕೋಳಿ ಭ್ರೂಣದಲ್ಲೇ. ವಿಟಮಿನ್ ಎ ಇನ್ನೊಂದು. ಅದರಿಂದ ಬರೋ ರೆಟಿನಾಯಿಕ್ ಆಸಿಡ್‌ನಲ್ಲಿ ಅದ್ದಿದ ಚೂರನ್ನ ರೆಕ್ಕೆ ಮೊಗ್ಗಿಗೆ ಇಟ್ಟರೆ ಅದೇ ಕನ್ನಡಿ ಬೆರಳು ಬರುತ್ತೆ ಅಂತ 1982ರಲ್ಲಿ ಟಿಕಲ್ ತೋರಿಸಿದರು. ಭುವನೇಶ್ವರದ ಉತ್ಕಲ್ ವಿಶ್ವವಿದ್ಯಾಲಯದ ಪ್ರಿಯಂವದಾ ಮೊಹಂತಿ ಹೆಜ್ಮಾಡಿ ಮತ್ತು ಜೊತೆಗಾರರು ಗೊದಮೊಟ್ಟೆಗಳ ಬಾಲ ಕತ್ತರಿಸಿ ವಿಟಮಿನ್ ಎ ಕೊಟ್ಟಾಗ, ಬಾಲದ ಜಾಗದಲ್ಲಿ ಕಾಲುಗಳೇ ಬೆಳೆದವು. 1992ರ ನೇಚರ್‌ನಲ್ಲಿದೆ. ಮೊಡವೆಗೆ ಕೊಡೋ ಐಸೊಟ್ರೆಟಿನಾಯಿನ್ ಮಾತ್ರೆ ಇದೇ ಕುಟುಂಬದ್ದು. ಬಸುರಿಯರು ಅದನ್ನ ಮುಟ್ಟಲೇಬಾರದು ಅನ್ನೋದು ಇದಕ್ಕೇ. ನಮ್ಮ ಹಾಸ್ಟೆಲ್‌ನಲ್ಲಿ ಅದನ್ನ ಚಾಕೊಲೇಟ್ ಥರ ಹಂಚ್ಕೊಂಡು ತಿಂತಾರೆ, ದಯವಿಟ್ಟು ಬೇಡ.

ಇದನ್ನೆಲ್ಲ ಅಮ್ಮನಿಗೆ ಹೇಳೋದು ಹೇಗೆ? ಓದಿದ್ದೆಲ್ಲ ಇಂಗ್ಲಿಷಲ್ಲಿ. ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಗ್ರೇಡಿಯಂಟ್‌ಗೆ ಪದ ಇಲ್ಲ. ಒಂದು ಬೆಳಗ್ಗೆ ಅವಳು ಸಾರಿಗೆ ಒಗ್ಗರಣೆ ಹಾಕ್ತಾ ಇದ್ದಾಗ ಹೊಳೀತು. ಒಲೆ ಹತ್ರ ನಿಂತ್ರೆ ಕೆಮ್ಮು ಬರುತ್ತೆ, ಹಾಲ್‌ಗೆ ಘಮ್ ಅನ್ನುತ್ತೆ, ಗೇಟ್ ಹತ್ರ ಸುಮ್ನೆ ಒಂಚೂರು. ಕಣ್ಣು ಮುಚ್ಕೊಂಡು ನಿಂತಿದ್ರೂ ಮನೆಯಲ್ಲಿ ಎಲ್ಲಿದ್ದೀನಿ ಅಂತ ವಾಸನೆ ಮೇಲೇ ಹೇಳಬಹುದು. ಮಗುವಿನ ಕೈ ಹಾಗೇ ಅಮ್ಮ, ಅಂದೆ. ಅವಳಿಗೆ ತಕ್ಷಣ ಅರ್ಥ ಆಯ್ತು. ಕ್ಯಾಲೆಂಡರ್ ತೆಗೆದು ದಿನ ಎಣಿಸಿ ತೋರಿಸಿದೆ. ಗಣೇಶ ಹಬ್ಬ, ಸಂಕ್ರಾಂತಿ, ನಡುವೆ ಐದು ತಿಂಗಳು.

ಅಮ್ಮ ಸುಮಾರು ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಹಂಗಾದ್ರೆ ಜುಲೈನಲ್ಲಿ ನಾನೇನ್ ಮಾಡ್ದೆ?"

ಇದಕ್ಕೆ ನಾನು ರೆಡಿ ಇರಲಿಲ್ಲ. ಜನವರಿಯಿಂದ ತಪ್ಪನ್ನ ಎತ್ತಿ ಜುಲೈಗೆ ಇಟ್ಕೊಂಡಳು, ಅಷ್ಟೇ. ಪಪ್ಪಾಯ ತಿಂದಿದ್ನಾ, ಬಸ್ಸಲ್ಲಿ ಕುಲುಕಿದ್ದಾ, ಜ್ವರಕ್ಕೆ ಮಾತ್ರೆ ತಗೊಂಡಿದ್ನಾ ಅಂತ ಶುರು. ಬೀರುವಿನಿಂದ ಆ ಫೈಲ್ ತೆಗೆದೆ. ಇಂಥ ಕೈಗಳಲ್ಲಿ ಬಹುಪಾಲಿಗೆ ತಾಯಿ ಮಾಡಿದ್ದು ಅಂತ ಏನೂ ಇರಲ್ಲ, ಕೆಲವು ಗಂಟೆ ಒಂದು ಜಾಗಕ್ಕೆ ರಕ್ತ ಕಮ್ಮಿ ಹೋದ್ರೂ ಸಾಕು, ಆ ಅಂಚು ಸ್ವಲ್ಪ ಬೇಗ ಆರಿಹೋದ್ರೂ ಸಾಕು ಅಂದೆ. ಹೊರಗಿನಿಂದ ಯಾರಿಗೂ ಗೊತ್ತಾಗಲ್ಲ, ತಡೆಯೋಕೂ ಆಗಲ್ಲ. ತಂಗಿ ರೂಮಿಂದ ಕೂಗಿದಳು, "ಅಮ್ಮ, ನಿನ್ನ ಕೇಳಿ ಬೆಳೀಲಿಲ್ಲ ಕಣಮ್ಮ ನಾನು." ಅಮ್ಮ ನಗಲಿಲ್ಲ, ಆದರೆ ಪಪ್ಪಾಯದ ಲಿಸ್ಟ್ ಅಲ್ಲಿಗೆ ನಿಂತಿತು.

ಎಂಟರಲ್ಲಿ ಆರು ಮರಿ ಆದವು, ಸೆಪ್ಟೆಂಬರ್ 24, 25ಕ್ಕೆ. ಎಲ್ಲದಕ್ಕೂ ಕಾಲಲ್ಲಿ ನಾಲ್ಕು ನಾಲ್ಕು ಬೆರಳು, ನಾವಿಬ್ರೂ ಎಣಿಸಿದ್ವಿ. ಸ್ಯಾಂಪಲ್ ಸೈಜ್ ಆರು, ಕಂಟ್ರೋಲ್ ಗ್ರೂಪ್ ಇಲ್ಲ, ಆದ್ದರಿಂದ ರಿಪೋರ್ಟಲ್ಲಿ ಗ್ರಹಣದ ವಿಷಯ ಹಾಕಲಿಲ್ಲ. ಮರಿಗಳು ಈಗ ಹೊಸಕೋಟೆ ಹತ್ತಿರ ಅಜ್ಜಿ ತೋಟದಲ್ಲಿವೆ.

ಅಕ್ಕನಿಗೆ ಜನವರಿಯಲ್ಲಿ ಗಂಡುಮಗು ಆಯ್ತು. ಹಲಸೂರಿನಲ್ಲಿ ನಾಮಕರಣ. ಮಗುವನ್ನ ಕೈಯಿಂದ ಕೈಗೆ ದಾಟಿಸ್ತಾ ಒಬ್ಬ ಹಿರಿಯರು ಬೆರಳು ಬಿಡಿಸಿ ನೋಡಿ, "ಗ್ರಹಣದಲ್ಲಿ ಒಳಗಿಟ್ಟಿದ್ದಕ್ಕೆ ನೋಡಿ, ಎಷ್ಟು ಲಕ್ಷಣವಾಗಿದೆ" ಅಂದರು. ಅಮ್ಮ ಪಾಯಸದ ಬಕೆಟ್ ಹಿಡಿದು ಆ ಸಾಲಲ್ಲೇ ಬರ್ತಾ ಇದ್ದಳು. "ಕೈ ಮೂರನೇ ತಿಂಗಳಿಗೇ ಆಗಿಬಿಟ್ಟಿರುತ್ತೆ ಅತ್ತೆ, ಗ್ರಹಣ ಬಂದಿದ್ದು ಐದರಲ್ಲಿ" ಅಂತ ಹೇಳಿ, ಅವರ ಎಲೆಗೆ ಒಂದು ಸೌಟು ಬಡಿಸಿ, ಮುಂದಿನ ಎಲೆಗೆ ಹೋದಳು.